ಮಂದಿ ಒಪ್ಪಂಗಿಲ್ಲ

ನನ್ನ ಗೆಳತಿಯೊಬ್ಬಳು ಒಮ್ಮೆ ಲೋಕಸಭೆಗೆ ನಿಂತಿದ್ದಳು ಎಂದರೆ ಘಾಟ್ಕೋಪರಿನ ನಮ್ಮ ಸೊಸೈಟಿಯ ಹೆಂಗಸರು ಮೊದಲು ನಗುತ್ತಾರೆ. ಯಾವ ಪಕ್ಷ, ಎಷ್ಟು ವೋಟು ಬಿತ್ತು ಎಂದು ಕೇಳುತ್ತಾರೆ. ಪಕ್ಷದ ಹೆಸರು ಹೇಳಿ ವೋಟಿನ ಮಾತನ್ನು ತೇಲಿಸಿಬಿಡುತ್ತೇನೆ. ಮೊಬೈಲಿನಲ್ಲಿರುವ ಅವಳ ಫೋಟೋ ತೋರಿಸಿದರೆ ಫೋನು ಕೈಯಿಂದ ಕೈಗೆ ಹೋಗುತ್ತದೆ. ಆಮೇಲೆ ಯಾರಾದರೊಬ್ಬರು, "ಇವರು ಇಂಡಿಯನ್ನೇನಾ?" ಎಂದು ಕೇಳಿಯೇ ಕೇಳುತ್ತಾರೆ. ಈಚೆಗೆ ಫೋಟೋ ತೋರಿಸುವುದನ್ನು ಬಿಟ್ಟಿದ್ದೇನೆ.

ಅವಳನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಆಂಟಾಪ್ ಹಿಲ್ಲಿನ ಹಳೆಯ ಬಿಲ್ಡಿಂಗಿನಲ್ಲಿ ನಮ್ಮ ಕೆಳಗಿನ ಮಾಳಿಗೆಯಲ್ಲಿ ಅವಳ ಮನೆ. ನಾನು ಮದುವೆಯಾಗಿ ವಿಜಯಪುರದಿಂದ ಬಂದ ಹೊಸತು. ಒಂದು ದಿನ ಮೆಟ್ಟಿಲಿನಲ್ಲಿ ನಮ್ಮ ಕಡೆಯ ಕನ್ನಡ ಕಿವಿಗೆ ಬಿದ್ದು ಬಾಗಿಲು ತೆಗೆದು ಓಡಿದೆ. ನೋಡಿದರೆ ರೈಲ್ವೆ ಟಿಸಿಯ ಕರಿ ಕೋಟು ತೊಟ್ಟ, ಎತ್ತರದ, ಗುಂಗುರು ಕೂದಲಿನ ಹೆಂಗಸೊಬ್ಬಳು ಫೋನಿನಲ್ಲಿ ಊರಿನ ಯಾರಿಗೋ ಜೋರು ಮಾಡುತ್ತ ಹತ್ತಿ ಬರುತ್ತಿದ್ದಾಳೆ. ಆಫ್ರಿಕಾದವಳು ಕನ್ನಡ ಯಾವಾಗ ಕಲಿತಳು ಎಂದು ನಾನು ಬಾಯಿ ಬಿಟ್ಟುಕೊಂಡು ನಿಂತೆ.

"ಏನ್ ನೋಡ್ತಿ? ಹಳಿಯಾಳದ ಕನ್ನಡ ಕೇಳಿಲ್ಲೇನು?" ಎಂದಳು. ನನ್ನ ಮುಖ ನೋಡಿ ಅವಳೇ ನಕ್ಕಳು. ಆವತ್ತು ಸಂಜೆ ಅವಳ ಮನೆಯಲ್ಲಿ ಜೋಳದ ರೊಟ್ಟಿ ತಿಂದೆ.

ಅವಳು ಸಿದ್ದಿ. ನೂರಾರು ವರ್ಷದ ಹಿಂದೆ ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನು ತಂದರಂತೆ, ಅವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರಂತೆ. ಇಷ್ಟನ್ನೂ ನನಗೆ ಅವಳೇ ಹೇಳಿದ್ದು, ಬೇರೆ ಯಾರದೋ ಮನೆಯ ಕತೆ ಹೇಳಿದ ಹಾಗೆ. ಅವಳ ಸ್ವಂತ ಕತೆ ಶುರುವಾಗುವುದು ಓಟದಿಂದ. ಚಿಕ್ಕ ಹುಡುಗಿಯಾಗಿದ್ದಾಗ ಸಿದ್ದಿ ಮಕ್ಕಳು ಚೆನ್ನಾಗಿ ಓಡುತ್ತಾರೆಂದು ಸರ್ಕಾರದವರು ಆರಿಸಿ ಕರೆದೊಯ್ದಿದ್ದರು. ಓಡಿದಳು, ಮೆಡಲು ತಂದಳು, ಕ್ರೀಡಾ ಕೋಟಾದಲ್ಲಿ ಮುಂಬಯಿಯ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಮರಾಠಿಯವನನ್ನು ಮದುವೆಯಾದಳು. ನಾನು ನೋಡುವ ಹೊತ್ತಿಗೆ ಅವನು ತೀರಿಕೊಂಡಿದ್ದ. ಒಬ್ಬಳೇ ಮಗಳು ಶಾಲೆಗೆ ಹೋಗುತ್ತಿದ್ದಳು.

ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರು ಅವಳನ್ನು ನೋಡಿ ಇಂಗ್ಲಿಷಿನಲ್ಲಿ ತಡವರಿಸುವುದು, ಅವಳು ತಣ್ಣಗೆ ಮರಾಠಿಯಲ್ಲಿ ಮಾತಾಡಿ ರಸೀದಿ ಹರಿದುಕೊಡುವುದು, ಅವರ ಮುಖ ಇಳಿಯುವುದು ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಿದ್ದಳು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಆಗೆಲ್ಲ ಅದು ನಗುವ ವಿಷಯವೇ ಆಗಿತ್ತು.

ಕೆಲವು ವರ್ಷಗಳ ಮೇಲೆ ಒಂದು ಬೇಸಿಗೆ ನಮ್ಮ ಬಿಲ್ಡಿಂಗಿಗೂ ಹಿಂದಿನ ಒಂಟಿಕೋಣೆ ಮನೆಗಳ ಚಾಳಿಗೂ ನೀರು ಬರುವುದೇ ನಿಂತಾಗ, ಅಕ್ಕ ಹೆಂಗಸರನ್ನೆಲ್ಲ ಖಾಲಿ ಕೊಡಗಳೊಂದಿಗೆ ವಾರ್ಡ್ ಆಫೀಸಿನ ಮುಂದೆ ಕೂರಿಸಿದಳು. ಬಿಲ್ಡಿಂಗಿನವರೂ ಚಾಳಿನವರೂ ಒಂದೇ ಸಾಲಿನಲ್ಲಿ ಕೂತದ್ದು ಅದೇ ಮೊದಲು. ನೀರು ಬಂತು. ಅಂದಿನಿಂದ ರೇಷನ್ ಕಾರ್ಡು, ಆಸ್ಪತ್ರೆ, ಶಾಲೆಯ ಅಡ್ಮಿಷನ್ನು, ಏನಿದ್ದರೂ ಜನ ಅವಳ ಬಾಗಿಲಿಗೇ ಬರತೊಡಗಿದರು. ನಾನು ಕಲಿಸುತ್ತಿದ್ದ ಕನ್ನಡ ಶಾಲೆ ಮುಚ್ಚಿದ್ದರಿಂದ ಮನೆಯಲ್ಲಿ ಟ್ಯೂಷನ್ ಹೇಳುತ್ತಿದ್ದೆ; ಬಿಡುವಾದಾಗ ಅವಳ ಜೊತೆ ಓಡಾಡುತ್ತಿದ್ದೆ.

ಮಗಳು ಕಾಲೇಜು ಮುಗಿಸುತ್ತಿದ್ದ ವರ್ಷ ಲೋಕಸಭೆಯ ಚುನಾವಣೆ ಹತ್ತಿರ ಬಂದಾಗ ಒಂದು ಸಣ್ಣ ಪಕ್ಷದ ಮುಖಂಡರು ಅವಳನ್ನು ಕರೆಸಿದರು. ಅವರು ನಿಲ್ಲಿಸಬೇಕೆಂದಿದ್ದ ಮನುಷ್ಯ ಬೇರೆ ಪಕ್ಷಕ್ಕೆ ಹಾರಿದ್ದ. ಸಾಯನ್ನಿನ ಉಡುಪಿ ಹೋಟೆಲೊಂದರ ಮಾಳಿಗೆಯಲ್ಲಿ ಕೂತು ಮಾತಾಯಿತು. ನಾನೂ ಇದ್ದೆ. ಮುಖಂಡರು ಮರಾಠಿಯವರು, ಒಳ್ಳೆಯ ಮನುಷ್ಯ. ಇಡ್ಲಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ತುಂಬ ಕಷ್ಟಪಟ್ಟು ಮಾತು ಶುರು ಮಾಡಿದರು.

"ನೀವು ಮಾಡಿದ ಕೆಲಸ ನಮ್ಮಲ್ಲಿ ಯಾರೂ ಮಾಡಿಲ್ಲ ತಾಯಿ. ನನಗೆ ವೈಯಕ್ತಿಕವಾಗಿ ಏನೂ ಇಲ್ಲ. ಪಣ್ ಲೋಕ್ ಮಾನಣಾರ್ ನಾಹೀತ್."

ಜನ ಒಪ್ಪುವುದಿಲ್ಲ ಎಂದು ಅದರರ್ಥ. ಅಕ್ಕ ಚಹಾದ ಲೋಟ ಕೆಳಗಿಟ್ಟಳು. "ಯಾವ ಜನ? ಹೆಸರು ಹೇಳಿ. ಹೋಗಿ ಮಾತಾಡ್ತೀನಿ," ಎಂದಳು, ಅವರ ಭಾಷೆಯಲ್ಲೇ. ಮುಖಂಡರಿಗೆ ಒಬ್ಬರ ಹೆಸರೂ ಹೇಳಲಾಗಲಿಲ್ಲ. ನಕ್ಕುಬಿಟ್ಟರು. ಬೇರೆ ಯಾರೂ ಸಿಗದಿದ್ದರಿಂದಲೋ, ಆ ಪ್ರಶ್ನೆಗೆ ಉತ್ತರ ಇರಲಿಲ್ಲವಾದ್ದರಿಂದಲೋ, ಟಿಕೆಟ್ ಅವಳಿಗೇ ಕೊಟ್ಟರು. ಅವಳು ರೈಲ್ವೆಯ ಕೆಲಸಕ್ಕೆ ಸ್ವಯಂ ನಿವೃತ್ತಿ ಪಡೆದಳು. ಕರಿ ಕೋಟನ್ನು ಒಗೆದು ಇಸ್ತ್ರಿ ಮಾಡಿಸಿ ಮಗಳ ಕಪಾಟಿನಲ್ಲಿ ನೇತುಹಾಕಿದಳು.

ಮನೆಗೆ ಬಂದು ನನ್ನ ಗಂಡನಿಗೆ ಹೇಳಿದೆ. ಅವರು ದಾದರಿನ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು; ಸೌಮ್ಯ ಸ್ವಭಾವ, ಅಕ್ಕನನ್ನು ಕಂಡರೆ ಗೌರವ.

"ಛಲೋ ಆತು," ಎಂದರು. "ನಾ ಅಂತೂ ಆಕಿಗೇ ಹಾಕ್ತೀನಿ. ಆದ್ರ ಮಂದಿ ಒಪ್ಪಂಗಿಲ್ಲ ನೋಡು."

"ಯಾವ ಮಂದಿ?"

"ಈ ಬಿಲ್ಡಿಂಗದಾಗಿನವ್ರು."

ಬಿಲ್ಡಿಂಗಿನವರನ್ನು ಕೇಳಿದೆ. ಕೆಳಗಿನ ಗುಜರಾತಿ ಅಜ್ಜಿ ನನ್ನ ಕೈ ಹಿಡಿದು, "ನಮ್ಮನೆಯ ಎಲ್ಲ ವೋಟೂ ಅವಳದೇ. ಆ ಚಾಳಿನವರು ಹಾಕುತ್ತಾರೋ ಇಲ್ಲವೋ," ಎಂದಳು. ಚಾಳಿನಲ್ಲಿ ಇಸ್ತ್ರಿ ಮಾಡುವವನು, "ನಾವೆಲ್ಲ ಮೇಡಮ್ಮಿಗೇ. ಬಿಲ್ಡಿಂಗಿನ ದೊಡ್ಡವರಿಗೆ ಮನಸ್ಸು ಬರಬೇಕಲ್ಲ," ಎಂದ. ಮೊದಮೊದಲು ನನಗಿದು ತಮಾಷೆಯಾಗಿ ಕಂಡಿತು. ಒಪ್ಪದ ಆ ಮಂದಿಯನ್ನು ಹುಡುಕಿಕೊಂಡು ಎಷ್ಟು ಬಾಗಿಲು ತಟ್ಟಿದರೂ ಅವರು ಯಾವಾಗಲೂ ಮುಂದಿನ ಮನೆಯಲ್ಲೇ ಇರುತ್ತಿದ್ದರು. ಬರುಬರುತ್ತ ಹೆದರಿಕೆಯಾಗತೊಡಗಿತು. ಯಾರ ಕಣ್ಣಿಗೂ ಬೀಳದವರು ಎಲ್ಲರ ಮಾತಿನಲ್ಲೂ ಇದ್ದರು.

ನಾಮಪತ್ರ ಪರಿಶೀಲನೆಯ ದಿನ ಪಕ್ಷೇತರನೊಬ್ಬನ ಏಜೆಂಟು ಎದ್ದು ನಿಂತು, ಈ ಅಭ್ಯರ್ಥಿ ಭಾರತೀಯಳಲ್ಲ ಎಂದು ಆಕ್ಷೇಪ ಎತ್ತಿದ. ಕೋಣೆಯಲ್ಲಿದ್ದವರೆಲ್ಲ ತಿರುಗಿ ಅವಳ ಮುಖವನ್ನೇ ನೋಡಿದರು. ಅಕ್ಕನ ಕಾಗದಗಳೆಲ್ಲ ಸರಿಯಾಗಿದ್ದವು. ಅಧಿಕಾರಿ ಸ್ವಲ್ಪ ಹೊತ್ತಿನಲ್ಲೇ ಆಕ್ಷೇಪವನ್ನು ತಳ್ಳಿಹಾಕಿದರು. ಹೊರಗೆ ಮೆಟ್ಟಿಲಿನಲ್ಲಿ ಆ ಏಜೆಂಟು ತಾನಾಗಿ ಬಂದು ಕೈಮುಗಿದು ಹಿಂದಿಯಲ್ಲಿ ಹೇಳಿದ: "ಮೇಡಂ, ತಪ್ಪು ತಿಳೀಬೇಡಿ. ನನಗ್ಯಾಕೆ ಸಂಶಯ? ಮೇಲಿನವರು ಹೇಳು ಅಂದರು, ಹೇಳಿದೆ."

"ಇರ್ಲಿ ಬಿಡಪಾ," ಎಂದಳು ಅಕ್ಕ. ಅವನಿಗೆ ಕನ್ನಡ ತಿಳಿಯಲಿಲ್ಲ. ಆದರೂ ನಕ್ಕ.

ಆ ವಾರ ಬ್ಯಾನರುಗಳು ಬಂದವು. ಬಿಚ್ಚಿ ನೋಡಿದರೆ ನಮಗೆ ಗುರುತೇ ಹತ್ತಲಿಲ್ಲ. ಮೈಬಣ್ಣ ಗೋದಿಯಷ್ಟು ತಿಳಿಯಾಗಿತ್ತು, ಮೂಗು ಸಣ್ಣಗಾಗಿತ್ತು, ಗುಂಗುರು ಕೂದಲು ಸೆರಗಿನಡಿ ಮಾಯವಾಗಿತ್ತು. ಮಗಳು ಸಿಟ್ಟಿನಿಂದ ಬಿಕ್ಕಿ ಬಿಕ್ಕಿ ಅತ್ತಳು. ಅವಳು ಕನ್ನಡ ಆಡುತ್ತಿದ್ದದ್ದು ಕಡಿಮೆ. ಆವತ್ತು ಮಾತ್ರ, "ಮಮ್ಮಿ, ಇದು ನೀ ಅಲ್ಲ, ಇದು ನೀ ಅಲ್ಲ," ಎಂದು ಕನ್ನಡದಲ್ಲೇ ಹೇಳಿದಳು. ಮಾಡಿಸಿದವರನ್ನು ಕೇಳಿದರೆ, ಡಿಸೈನ್ ಮಾಡಿದವನು ತಾನೇ ಹಾಗೆ ಮಾಡಿದನೆಂದರು. ಅವನನ್ನು ಕೇಳಿದರೆ, ಎಲ್ಲ ಅಭ್ಯರ್ಥಿಗಳಿಗೂ ಹಾಗೇ ಮಾಡುತ್ತೇನೆ, ಜನ ಇಷ್ಟಪಡುತ್ತಾರೆ ಎಂದ. ಹೊಸದಾಗಿ ಮಾಡಿಸಲು ಪಕ್ಷದಲ್ಲಿ ದುಡ್ಡಿರಲಿಲ್ಲ. ಬ್ಯಾನರು ಕಟ್ಟಿದರು.

ಧಾರಾವಿಯ ಗಲ್ಲಿಗಳಲ್ಲಿ ಅದರ ಫಲ ಕಂಡೆವು. ಅಕ್ಕ ಕೈಮುಗಿದು ನಡೆದು ಬರುತ್ತಿದ್ದರೆ ಜನ ಬ್ಯಾನರು ನೋಡಿ, ಅವಳ ಹಿಂದೆ ಬರುತ್ತಿದ್ದ ನನ್ನನ್ನು ನೋಡಿ, ನನಗೆ ನಮಸ್ಕಾರ ಮಾಡುತ್ತಿದ್ದರು. ಒಂದು ಕಡೆ ನನ್ನ ಕೊರಳಿಗೆ ಹಾರ ಹಾಕಲು ಬಂದರು. ನಾನು ಹಿಂದೆ ಸರಿದು ಅಕ್ಕನನ್ನು ತೋರಿಸಿದೆ. ಹಾರ ಹಿಡಿದ ಹುಡುಗಿ ಅವಳನ್ನೂ ಬ್ಯಾನರನ್ನೂ ಎರಡೆರಡು ಸಲ ನೋಡಿದಳು. ಅಕ್ಕ ತಾನೇ ತಲೆ ಬಗ್ಗಿಸಿ, "ಹಾಕವ್ವಾ, ನಾನೇ ಅದು," ಎಂದಳು.

ಅದೇ ಗಲ್ಲಿಯ ಕೊನೆಯಲ್ಲಿ ಚರ್ಮದ ಚೀಲ ಹೊಲಿಯುವ ಒಂದು ಮನೆ. ಕಲಬುರಗಿಯ ಕಡೆಯವರು. ಹೊಸ್ತಿಲಲ್ಲಿ ಕೂತಿದ್ದ ಮುದುಕಿಗೆ ಅಕ್ಕನ ಕನ್ನಡ ಕೇಳಿ ಜೀವ ಬಂದಂತಾಯಿತು. ಎದ್ದು ಬಂದು ಅವಳ ಕೆನ್ನೆ ಸವರಿದಳು, ಕೂದಲನ್ನು ಮುಟ್ಟಿ ಮುಟ್ಟಿ ನೋಡಿದಳು.

"ಯಾ ಊರ ಮಗಳವ್ವಾ ನೀ?"

"ಹಳಿಯಾಳ, ಅಮ್ಮಾ."

"ಅದಲ್ಲವ್ವಾ. ಖರೇ ಊರು?"

"ಅದೇ ಖರೇ ಊರು."

ಮುದುಕಿ ಪ್ರೀತಿಯಿಂದಲೇ ತಲೆಯಾಡಿಸಿದಳು, ಮಗು ಸುಳ್ಳು ಹೇಳಿದಾಗ ದೊಡ್ಡವರು ಆಡಿಸುವಂತೆ. ಒಳಗಿಂದ ಬೆಲ್ಲ, ನೀರು ತಂದು ಕೊಟ್ಟಳು. ಅಲ್ಲಿಂದ ಹೊರಟ ಮೇಲೆ ಅಕ್ಕ ಬೆಲ್ಲದ ಚೂರನ್ನು ಅಂಗೈಯಲ್ಲಿ ಹಿಡಿದುಕೊಂಡೇ ನಡೆದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬೆಲ್ಲ ಕೊಟ್ಟವಳಿಗೆ ಏನು ಹೇಳುವುದು?

ಕನ್ನಡಿಗರ ವೋಟು ಕೈಬಿಡುವುದಿಲ್ಲವೆಂದು ನಾನು ನಂಬಿದ್ದೆ. ನಾವಿದ್ದ ಕಡೆ ಉಡುಪಿ, ಮಂಗಳೂರಿನವರ ಹೋಟೆಲುಗಳು, ನಮ್ಮ ಬೆಳಗಾವಿ ಧಾರವಾಡದ ಕಡೆಯ ಮನೆಗಳು ಸಾಕಷ್ಟಿದ್ದವು. ಕನ್ನಡದ ಒಂದು ಸಂಘದವರು ಭಾನುವಾರ ಸಭೆ ಕರೆದರು. ಅಕ್ಕ ಭಾಷಣ ಮಾಡಿದಳು. ನೀರಿನ ಬಗ್ಗೆ, ಮುಚ್ಚುತ್ತಿರುವ ಕನ್ನಡ ಶಾಲೆಗಳ ಬಗ್ಗೆ, ಲೋಕಲ್ ಟ್ರೇನಿನ ಹೆಂಗಸರ ಡಬ್ಬಿಯ ಬಗ್ಗೆ. ಚೀಟಿ ನೋಡದೆ, ಒಂದೂ ಇಂಗ್ಲಿಷ್ ಶಬ್ದ ಇಲ್ಲದೆ. ನನ್ನ ಎದೆ ಉಬ್ಬಿತ್ತು. ಚಪ್ಪಾಳೆ ನಿಲ್ಲುತ್ತಿದ್ದಂತೆ ಸಂಘದ ಅಧ್ಯಕ್ಷರು ಮೈಕು ತೆಗೆದುಕೊಂಡರು. ಅವರು ಉಡುಪಿ ಕಡೆಯವರು, ಹೋಟೆಲ್ ಮಾಲೀಕರು.

"ಎಷ್ಟು ಚಂದ ಮಾತಾಡಿದ್ರು ಮಾರಾಯ್ರೆ! ಈಗ ನಮ್ಮದೊಂದು ಕೋರಿಕೆ ಉಂಟು. ನಿಮ್ಮ ಜನಾಂಗದ ಆ ಡೋಲು ಬಡಿದು ಮಾಡುವ ನೃತ್ಯ ಉಂಟಲ್ಲ, ನಾನು ಟಿವಿಯಲ್ಲಿ ನೋಡಿದ್ದೇನೆ. ಒಂದೆರಡು ಹೆಜ್ಜೆ ಹಾಕಿದ್ರೆ ನಮ್ಮ ಮಕ್ಕಳು ನೋಡಿ ಖುಷಿಪಡ್ತಾರೆ."

ಸಭೆ ಮತ್ತೆ ಚಪ್ಪಾಳೆ ತಟ್ಟಿತು, ಭಾಷಣಕ್ಕಿಂತ ಜೋರಾಗಿ. ಮಕ್ಕಳು ಮೊಬೈಲು ಹಿಡಿದು ಮುಂದೆ ಬಂದರು. ಅಕ್ಕ ಮೈಕಿನ ಹತ್ತಿರ ಬಾಗಿ ಹೇಳಿದಳು: "ನನಗ ಕುಣಿಯಾಕ ಬರಂಗಿಲ್ರಿ. ಓಡಾಕ ಬರ್ತದ."

ಎಲ್ಲರೂ ನಕ್ಕರು. ಅದನ್ನೂ ಒಂದು ಜೋಕು ಎಂದುಕೊಂಡರು. ನಮ್ಮನ್ನು ಬಾಗಿಲವರೆಗೆ ಬಿಡಲು ಬಂದಾಗ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು, "ನಮಗೆಂತ ತೊಂದರೆ ಇಲ್ಲ. ನಮ್ಮ ಕನ್ನಡದವರು ಅಂತ ಹೆಮ್ಮೆ ಉಂಟು. ಆದ್ರೆ ನಮ್ಮವರು ಅಂತ ಜನರಿಗೆ ಕಾಣಬೇಕಲ್ಲ?" ಎಂದರು.

ಅದೇ ಸುಮಾರಿಗೆ ಪರದೇಶದಲ್ಲಿ ಎಲ್ಲೋ ನಮ್ಮ ದೇಶದ ಮೂಲದವರೊಬ್ಬರು ದೊಡ್ಡ ಹುದ್ದೆಗೆ ನಿಂತ ಸುದ್ದಿ ಟಿವಿಯಲ್ಲಿ ಬರುತ್ತಿತ್ತು. ಬಿಲ್ಡಿಂಗಿನ ಕೆಳಗೆ ಕುರ್ಚಿ ಹಾಕಿ ಕೂತ ಗಂಡಸರು ಅದನ್ನೇ ಮಾತಾಡುತ್ತಿದ್ದರು. "ಎಷ್ಟು ಓದಿದ್ರೇನು, ಬಿಳಿಯರು ಬಣ್ಣ ನೋಡದೆ ವೋಟು ಹಾಕ್ತಾರಾ?" ಎಂದು ಒಬ್ಬರು ಸಿಟ್ಟಿನಿಂದ ಕೇಳಿದರು. ಪ್ರಚಾರ ಮುಗಿಸಿ ದಣಿದು ಬಂದ ಅಕ್ಕ ಅವರ ನಡುವೆಯೇ ಹಾದು ಮೆಟ್ಟಿಲು ಹತ್ತಿದಳು. ಎಲ್ಲರೂ ಎದ್ದು ದಾರಿ ಬಿಟ್ಟು, "ಹೇಗಿದೆ ಮೇಡಂ ಹವಾ?" ಎಂದು ಅಕ್ಕರೆಯಿಂದ ವಿಚಾರಿಸಿದರು.

ಮತದಾನದ ದಿನ ಬಿಸಿಲು ಸುಡುತ್ತಿತ್ತು. ಮತಗಟ್ಟೆ ಇದ್ದ ಶಾಲೆಯಿಂದ ದೂರದಲ್ಲಿ ನಾವು ಮೇಜು ಹಾಕಿ ಕೂತಿದ್ದೆವು. ವೋಟು ಹಾಕಿ ಬಂದವರು ಶಾಯಿಯ ಬೆರಳೆತ್ತಿ ಅಕ್ಕನಿಗೆ ತೋರಿಸುತ್ತಿದ್ದರು. ಗುಜರಾತಿ ಅಜ್ಜಿಯನ್ನು ಮೊಮ್ಮಕ್ಕಳು ಕುರ್ಚಿಯಲ್ಲಿ ಎತ್ತಿ ತಂದಿದ್ದರು, ಅವಳೂ ಬೆರಳೆತ್ತಿದಳು. ಇಸ್ತ್ರಿಯವನು, ಅವನ ಹೆಂಡತಿ, ತರಕಾರಿಯವನು, ನಾಲ್ಕನೇ ಮಾಳಿಗೆಯ ನವದಂಪತಿ. ನನ್ನ ಗಂಡ ಬಂದು ಬೆರಳು ತೋರಿಸಿ ಅಕ್ಕನಿಗೆ ಮಜ್ಜಿಗೆಯ ಬಾಟಲಿ ಕೊಟ್ಟು ಹೋದರು. ಸಂಜೆ ಅಕ್ಕ ಚಪ್ಪಲಿ ಕಳಚಿ ಕಾಲು ಚಾಚಿ, "ಗೆಲ್ಲಂಗಿಲ್ಲ ಬಿಡು, ಅದು ಗೊತ್ತದ. ಆದ್ರ ನಮ್ಮ ಮಂದಿ ನನ್ನ ಕೈ ಬಿಟ್ಟಿಲ್ಲ," ಎಂದಳು. ಅವಳ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ಮತ್ತೆ ನೋಡಲಿಲ್ಲ.

ಎಣಿಕೆಯ ದಿನ ನಾನು ಅವಳ ಏಜೆಂಟಾಗಿ ಹಾಲ್‌ನಲ್ಲಿ ತಂತಿಯ ಜಾಳಿಗೆಯ ಹಿಂದೆ ಕೂತಿದ್ದೆ. ಆಚೆ ಕಡೆ ಸಿಬ್ಬಂದಿ ಒಂದೊಂದೇ ಯಂತ್ರ ತಂದು, ಮೊಹರು ಒಡೆದು, ಗುಂಡಿ ಒತ್ತಿ, ಅಂಕಿ ಮೂಡಿದ ಪರದೆಯನ್ನು ನಮ್ಮ ಕಡೆ ತಿರುಗಿಸುತ್ತಿದ್ದರು. ಸೋಲು ಬೆಳಿಗ್ಗೆಯೇ ಗೊತ್ತಾಗಿತ್ತು. ದೊಡ್ಡ ಪಕ್ಷಗಳ ಏಜೆಂಟರು ಒಬ್ಬರಿಗೊಬ್ಬರು ಕೂಗಾಡುತ್ತಿದ್ದರು. ನಮ್ಮ ಅಂಕಿ ಬಂದಾಗ ಯಾರೂ ತಲೆಯೆತ್ತುತ್ತಿರಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ನನ್ನ ಮೇಜಿಗೆ ನಮ್ಮ ಶಾಲೆಯ ಬೂತಿನ ಯಂತ್ರ ಬಂತು. ನಮ್ಮ ಬಿಲ್ಡಿಂಗು, ಹಿಂದಿನ ಚಾಳು, ಪಕ್ಕದ ಗಲ್ಲಿ, ಇಷ್ಟೇ ಜನರ ಬೂತು ಅದು.

ಅಕ್ಕನ ಹೆಸರಿನ ಮುಂದೆ ಬಂದ ಅಂಕಿಯನ್ನು ಇಲ್ಲಿ ಬರೆಯಲಾರೆ. ನಮ್ಮ ಮೆಟ್ಟಿಲಿನವರಲ್ಲಿ ಬೆರಳೆತ್ತಿ ತೋರಿಸಿದವರೇ ಅದಕ್ಕಿಂತ ಹೆಚ್ಚಿದ್ದರು. ಮೊದಲು ನಾನು ತಪ್ಪು ಓದಿದೆ ಎಂದುಕೊಂಡೆ. ಇನ್ನೊಮ್ಮೆ ತೋರಿಸಿ ಎಂದು ಕೇಳಿದೆ. ಆಚೆ ಕೂತಿದ್ದ ಸಿಬ್ಬಂದಿಯ ಹುಡುಗಿ ಬೇಸರವಿಲ್ಲದೆ ಯಂತ್ರವನ್ನು ಮತ್ತೆ ನನ್ನ ಕಡೆ ಹಿಡಿದಳು. ಅದೇ ಅಂಕಿ. ನನ್ನ ಬೆನ್ನ ಹಿಂದೆ ಯಾರೋ ನಿಂತಂತಾಯಿತು. ಅಕ್ಕ. ಯಾವಾಗ ಬಂದಳೋ. ಜಾಳಿಗೆಯಲ್ಲಿ ಬೆರಳು ತೂರಿಸಿ ಹಿಡಿದುಕೊಂಡು ಆ ಪರದೆಯನ್ನೇ ನೋಡುತ್ತಿದ್ದಳು.

"ಅಕ್ಕಾ..."

"ಏನೂ ಹೇಳಬ್ಯಾಡ," ಎಂದಳು.

ಮರುದಿನದಿಂದ ಬಿಲ್ಡಿಂಗಿನವರು ಮೊದಲಿಗಿಂತ ಹೆಚ್ಚು ಪ್ರೀತಿ ತೋರಿಸತೊಡಗಿದರು. ಒಬ್ಬರು ಶಿರಾ ಕಳಿಸಿದರು, ಒಬ್ಬರು ಹೂವಿನ ಗಿಡ. ಗುಜರಾತಿ ಅಜ್ಜಿ ಕಣ್ಣಲ್ಲಿ ನೀರು ತಂದುಕೊಂಡು, "ಜನ ಹೀಗೆ ಮಾಡಬಾರದಿತ್ತು ಬೇಟಿ," ಎಂದಳು. ಆ ಕಣ್ಣೀರು ಸುಳ್ಳೆಂದು ಹೇಳಲು ನನ್ನಿಂದ ಇವತ್ತಿಗೂ ಆಗುವುದಿಲ್ಲ. ಆದರೆ ಅಂಕಿಯೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಆ ಮೆಟ್ಟಿಲು ಹತ್ತಿಳಿಯುವುದು ಕಷ್ಟವಾಗತೊಡಗಿತು.

ಅಕ್ಕ ಬದಲಾದಳು. ಹಿಂದೆ ಪ್ರತಿ ಬಾಗಿಲಿನ ಮುಂದೆ ನಿಂತು ಒಂದು ಮಾತಾಡಿಸಿ ಹತ್ತುತ್ತಿದ್ದವಳು ಈಗ ಗೋಡೆ ಹಿಡಿದುಕೊಂಡು ತಲೆತಗ್ಗಿಸಿ ಹೋಗುತ್ತಿದ್ದಳು. ತರಕಾರಿಯವನ ಹತ್ತಿರ ಹೋದರೆ ಬದನೆಕಾಯಿ ಬಿಟ್ಟು ಅವನ ಮುಖ ನೋಡುತ್ತ ನಿಂತುಬಿಡುತ್ತಿದ್ದಳು. ಒಮ್ಮೆ ನನ್ನ ಜೊತೆ ಬರುವಾಗ ಇಸ್ತ್ರಿಯವನು ನಮಸ್ಕಾರ ಹೇಳಿದ, ಅವಳು ದಾಟಿ ಬಂದ ಮೇಲೆ, "ಈಂವನೇನು?" ಎಂದು ಮೆಲ್ಲಗೆ ಕೇಳಿದಳು. ಯಾವ ವಿಷಯ ಎಂದು ನಾನು ಕೇಳಬೇಕಾಗಿರಲಿಲ್ಲ.

"ಹಂಗ ಯೋಚ್ನೆ ಮಾಡಬ್ಯಾಡಕ್ಕಾ. ತಲಿ ಕೆಡ್ತದ."

"ನಾ ಎಲ್ಲಿ ಮಾಡಾಕತ್ತೀನಿ? ತಾನೇ ಬರ್ತದ. ಹಾಲಿನ ಪಾಕೀಟು ತರಾಕ ಹೋದ್ರೂ ಬರ್ತದ. ಒಬ್ರೂ ಹಾಕಿಲ್ಲ ಅಂದಿದ್ರ ಛಲೋ ಆಗ್ತಿತ್ತು ನೋಡು. ಒಂದಿಷ್ಟು ಮಂದಿ ಹಾಕ್ಯಾರ. ಅವ್ರು ಯಾರು? ಅವ್ರಿಗೆ ನಾ ಮಾರಿ ತಿರುವಿದ್ರ ಪಾಪ ಬರಂಗಿಲ್ಲೇನು?"

ಒಂದು ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದೆವು. ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಕೇಳಿದಳು: "ನಿನ್ನ ಗಂಡ?"

ಹಾಕಿದ್ದಾರೆ ಎಂದು ನಾನು ಕೂಡಲೇ ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ. ನನಗೆ ಗೊತ್ತಿಲ್ಲ ಎಂಬುದು ಆಗಲೇ ನನಗೆ ಗೊತ್ತಾದದ್ದು. ನನ್ನ ಮೌನವನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ಸ್ವಲ್ಪ ಹೆಚ್ಚು ಹೊತ್ತು. ಅವಳ ನಾಮಪತ್ರಕ್ಕೆ ಸಹಿ ಹಾಕಿದವಳು ನಾನು, ಬಿಸಿಲಲ್ಲಿ ಅವಳ ಹಿಂದೆ ಗಲ್ಲಿಗಲ್ಲಿ ತಿರುಗಿದವಳು ನಾನು. ಆದರೂ ಆ ನೋಟ ನನ್ನ ಮೇಲೆ ನಿಂತಿತು. ನಾನು ಅವಳಿಗೇ ವೋಟು ಹಾಕಿದ್ದೆ. ಹಾಕಿದ್ದೆನೆಂಬುದಕ್ಕೆ ಈ ಲೋಕದಲ್ಲಿ ಒಂದು ಸಾಕ್ಷಿಯೂ ನನ್ನ ಹತ್ತಿರ ಇರಲಿಲ್ಲ.

"ಬಿಡು," ಎಂದು ಅವಳೇ ಮತ್ತೆ ಕಾಳು ಬಿಡಿಸತೊಡಗಿದಳು.

ಆವತ್ತು ಸಂಜೆ ಗಂಡ ಅಂಗಡಿಯಿಂದ ಬಂದ ಕೂಡಲೇ ಕೇಳಿದೆ. ಕಾಲು ತೊಳೆಯುತ್ತಿದ್ದವರು ತಿರುಗಿ, "ಹಾಕೀನಲ್ಲ. ಅದೇನು ಕೇಳ್ತಿ?" ಎಂದರು. ದನಿಯಲ್ಲಿ ಏನೂ ಇರಲಿಲ್ಲ. ನನ್ನ ಗಂಡ ನನಗೆ ಸುಳ್ಳು ಹೇಳಿದ್ದು ನೆನಪಿಲ್ಲ. ನಂಬಿದೆ. ನಂಬಿದ್ದೇನೆ. ಆದರೂ ಅವರು ಊಟ ಮಾಡುವಾಗ, ಪೇಪರ್ ಓದುವಾಗ ನಾನು ಅವರ ಮುಖವನ್ನು ನೋಡುತ್ತ ಕೂತುಬಿಡುತ್ತೇನೆ. ಆಕ್ಷೇಪ ಬಂದ ದಿನ ಆ ಕೋಣೆಯವರೆಲ್ಲ ಅಕ್ಕನ ಮುಖ ನೋಡಿದಂತೆ, ಏನನ್ನೋ ಪತ್ತೆ ಹಚ್ಚುವವರ ಹಾಗೆ.

ವರ್ಷ ತುಂಬುವುದರೊಳಗೆ ಅಕ್ಕ ಮನೆ ಮಾರಿ ಬದ್ಲಾಪುರಕ್ಕೆ ಹೋದಳು. ಮಗಳ ಕೆಲಸ ಆ ಕಡೆ ಎಂದು ಎಲ್ಲರಿಗೂ ಹೇಳಿದಳು. ಬೀಳ್ಕೊಡುವಾಗ ಇಡೀ ಬಿಲ್ಡಿಂಗು ಗೇಟಿನವರೆಗೆ ಬಂದು ಅತ್ತಿತು. ಆಮೇಲೆ, ಕೆಡವಿ ಹೊಸದು ಕಟ್ಟಲೆಂದು, ಬಿಲ್ಡಿಂಗೇ ರಿಡೆವಲಪ್‌ಮೆಂಟಿಗೆ ಹೋಗಿ ಎಲ್ಲರೂ ಚದುರಿದೆವು. ನಾವು ಘಾಟ್ಕೋಪರಿಗೆ ಬಂದೆವು.

ಕಳೆದ ಚುನಾವಣೆಗೆ ಸ್ವಲ್ಪ ಮುಂಚೆ ಅವಳನ್ನು ನೋಡಲು ಹೋಗಿದ್ದೆ. ಬೆಳಿಗ್ಗೆ ಒಂದು ಶಾಲೆಯ ಮೈದಾನದಲ್ಲಿ ಹುಡುಗಿಯರಿಗೆ ಓಟ ಕಲಿಸುತ್ತಾಳೆ. ಕೊರಳಿಗೆ ಸೀಟಿ ಹಾಕಿಕೊಂಡು, ನರೆತ ಗುಂಗುರು ಕೂದಲನ್ನು ಹಾಗೇ ಬಿಟ್ಟುಕೊಂಡು ನಿಂತಿದ್ದಳು. ದೂರದಿಂದ ನೋಡಿದರೆ ಹಳೆಯ ಅಕ್ಕನೇ. ಮನೆಯಲ್ಲಿ ಮಗಳು ಚಹಾ ಮಾಡಿದಳು. ಬೇರೊಂದು ಪಕ್ಷದವರು ಬಂದು ತಮ್ಮ ವೇದಿಕೆಯ ಮೇಲೆ ಕೂರಲು ಕರೆದಿದ್ದರಂತೆ. ನಿಲ್ಲಲು ಅಲ್ಲ, ಕೂರಲು. ನಗುತ್ತಲೇ ಹೇಳಿದಳು. ಆಮೇಲೆ ಲೋಟದ ಅಂಚನ್ನು ಬೆರಳಿನಿಂದ ಸವರುತ್ತ ಅಂದಳು:

"ಬಣ್ಣಕ್ಕ ಸೋತೆ ಅಂತ ಖಾತ್ರಿ ಇದ್ದಿದ್ರ ಸಿಟ್ಟಾಗಿ ಮರೀತಿದ್ದೆ. ಪಕ್ಷ ಸಣ್ಣದು, ರೊಕ್ಕ ಇರಲಿಲ್ಲ, ಅದಕ್ಕ ಸೋತೆ ಅಂತ ಖಾತ್ರಿ ಇದ್ದಿದ್ರ ನಕ್ಕು ಮರೀತಿದ್ದೆ. ಬ್ಯಾರೆದಾಕಿ ಆಗಿದ್ರೂ ಸೋಲ್ತಿದ್ದೆ, ಅದು ನನಗ ಗೊತ್ತದ. ಆದ್ರ ಅವಾಗ ಆ ಸೋಲು ನಂದಾಗ್ತಿತ್ತು. ಈಗ ಅದು ನಂದೋ, ನನ್ನ ಮಾರೀದೋ, ಹೇಳವ್ರು ಯಾರೂ ಇಲ್ಲ."

ಮಗಳು ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು. ತಾಯಿಯದೇ ಎತ್ತರ, ತಾಯಿಯದೇ ಕೂದಲು. "ಮಮ್ಮಿ, ಬಸ್, ಸಾಕು," ಎಂದಳು. ನಾವು ಬೇರೆ ಮಾತಿಗೆ ಹೊರಳಿದೆವು.

ಈಗ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ. ಹುಡುಗಿಯರ ಓಟ, ಮೊಣಕಾಲು ನೋವು, ರೊಟ್ಟಿಯ ಹಿಟ್ಟು ಎಲ್ಲಿ ಚೆನ್ನಾಗಿ ಸಿಗುತ್ತದೆ. ಮೊದಲಿನಂತೆಯೇ ನಗುತ್ತೇವೆ. ಆದರೆ ಅಡುಗೆಮನೆಯಲ್ಲಿ ಆವತ್ತು ನನ್ನ ಮೇಲೆ ನಿಂತ ಆ ನೋಟದ ಬಗ್ಗೆ ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಕಳೆದ ಚುನಾವಣೆಯಲ್ಲಿ ಘಾಟ್ಕೋಪರಿನ ಬೂತಿಗೆ ನಾನೂ ನನ್ನ ಗಂಡನೂ ಜೊತೆಗೇ ಹೋದೆವು. ರಟ್ಟಿನ ಮರೆಯ ಹಿಂದೆ ಒಬ್ಬಳೇ ನಿಂತೆ. ಎಷ್ಟು ಸಣ್ಣ ಜಾಗ ಅದು, ಒಬ್ಬರೇ ಹಿಡಿಸುವಷ್ಟು. ಅಲ್ಲಿಗೆ ಗಂಡನೂ ಬರುವ ಹಾಗಿಲ್ಲ, ಹೆಂಡತಿಯೂ ಬರುವ ಹಾಗಿಲ್ಲ. ಗುಂಡಿ ಒತ್ತಿದೆ. ಪಕ್ಕದ ಯಂತ್ರದ ಗಾಜಿನ ಹಿಂದೆ ನನ್ನ ವೋಟಿನ ಚೀಟಿಯೊಂದು ಮೂಡಿ, ಸ್ವಲ್ಪ ಹೊತ್ತು ನಿಂತು, ಕತ್ತರಿಸಿ ಕೆಳಗೆ ಬಿತ್ತು.

ಹೊರಗೆ ಅವರು ನೆರಳಿನಲ್ಲಿ ಕಾಯುತ್ತಿದ್ದರು. ನನ್ನನ್ನು ನೋಡಿ ಶಾಯಿಯ ಬೆರಳೆತ್ತಿ ನಕ್ಕರು. "ಯಾರಿಗೆ ಹಾಕಿದಿ?" ಎಂದು ಸುಮ್ಮನೆ ತಮಾಷೆಗೆ ಕೇಳಿದರು.

ನಾನು ಹೇಳಲಿಲ್ಲ. ಅವರನ್ನೂ ಕೇಳಲಿಲ್ಲ. ಬಿಸಿಲಲ್ಲಿ ಇಬ್ಬರೂ ಕೊಡೆ ಬಿಚ್ಚಿಕೊಂಡು ಮನೆಯ ಕಡೆ ನಡೆದೆವು.